ಬಿಸಿನೀರಿಗೆ ಬಿದ್ದ ಪ್ಲೇಟು

ಅರವತ್ತರ ದಶಕದ ಆ ದಿನಗಳಲ್ಲಿ ಭಾನುವಾರ ಬಂತೆಂದರೆ ಧಾರವಾಡದ ನಮ್ಮ ಮನೆಯಲ್ಲಿ ಹಾಡುಗಳ ಕೋರ್ಟು ಕೂಡುತ್ತಿತ್ತು. ನ್ಯಾಯಾಧೀಶ ನಮ್ಮ ಕಾಕಾ. ಹುಬ್ಬಳ್ಳಿಯಿಂದ ತಂದ ಹೊಸ ಗ್ರಾಮೊಫೋನ್ ಪ್ಲೇಟುಗಳನ್ನು ಪಡಸಾಲೆಯಲ್ಲಿ ಹಚ್ಚುತ್ತಿದ್ದ. ಓಣಿಯವರು ಚುರಮರಿ ಮುಕ್ಕುತ್ತ ಕೇಳುತ್ತಿದ್ದರು. ಕಡೆಗೆ ಮೀಸೆ ಒರೆಸಿಕೊಂಡು ಕಾಕಾನ ತೀರ್ಪು. "ಇದು ಮೊಮ್ಮಕ್ಕಳ ಕಾಲಕ್ಕೂ ಉಳೀತದ" ಎಂದರೆ ಪ್ಲೇಟು ಕಪಾಟಿಗೆ. "ಇದು ಮುಂದಿನ ದೀಪಾವಳಿ ಕಾಣೂದಿಲ್ಲ" ಎಂದರೆ ಬಿಸಿನೀರಿಗೆ.

ಬಿಸಿನೀರಿನ ಕೆಲಸ ಕಾಕಾನ ಅಕ್ಕ ಗಂಗತ್ತೆಯದು. ಬಚ್ಚಲ ಹಂಡೆಯ ಕುದಿನೀರಿನಲ್ಲಿ ಅದ್ದಿದರೆ ಅರಗಿನ ಪ್ಲೇಟು ಹಸಿ ಹಪ್ಪಳದಂತೆ ಮೆತ್ತಗಾಗುತ್ತಿತ್ತು. ಮನೆ ತುಂಬ ಅದರ ವಾಸನೆ. ತಳ ಮೇಲಾಗಿ ಡಬ್ಬು ಹಾಕಿದ ತಂಬಿಗೆಗೆ ಅದನ್ನು ಹೊದಿಸಿ, ಅಂಚಿಗೆ ನಿರಿಗೆ ಹಿಡಿದು, ತಣ್ಣೀರು ಸುರಿದರೆ ಹೂವಿನ ಬಟ್ಟಲು. ಕಾಕಾ ಬೇಡವೆಂದ ಹಾಡುಗಳೆಲ್ಲ ಹೀಗೆ ಓಣಿಯ ದೇವರ ಮನೆಗಳಲ್ಲಿ ಮಲ್ಲಿಗೆ ಹೊತ್ತು ಕೂತಿದ್ದವು.

ಗಂಗತ್ತೆಯದೂ ಒಂದು ಪ್ಲೇಟಿತ್ತು. ಮದುವೆಗೆ ಮುಂಚೆ ಮುಂಬಯಿಗೆ ಹೋಗಿ ಹಾಡಿ ಬಂದಿದ್ದಳಂತೆ. ಗಂಡನ ಮನೆಯಲ್ಲಿ ಹಾಡು ಬೇಡವೆಂದರು. ತವರಿಗೆ ಮರಳಿದ ಮೇಲೂ ಅವಳು ಗುನುಗಿದ್ದನ್ನು ನಾನು ಕೇಳಿಲ್ಲ. ಅವಳ ದನಿ ಉಳಿದದ್ದು ಆ ಒಂದು ಪ್ಲೇಟಿನಲ್ಲಿ ಮಾತ್ರ.

ಒಂದು ಭಾನುವಾರ, ಹೊಸ ಸಿನಿಮಾ ಹಾಡುಗಳ ನಡುವೆ, ಪಕ್ಕದ ಮನೆಯ ಶಾರದಾಬಾಯಿ ಗಂಗತ್ತೆಯ ಪ್ಲೇಟು ಕೇಳಬೇಕೆಂದರು. ಕಾಕಾ ಚಾವಿ ಕೊಟ್ಟು ಹಚ್ಚಿದ. ಸವೆದ ಪ್ಲೇಟು, ಹಾಡಿಗಿಂತ ಗರಗರವೇ ಹೆಚ್ಚು. ಜನ ಮಾತಿಗೆ ಬಿದ್ದರು. ಕಾಕಾ ಮುಳ್ಳು ಎತ್ತಿಬಿಟ್ಟ.

"ಅಕ್ಕಾ, ಇನ್ನ ಇದನ್ನ ಯಾರು ಕೇಳತಾರ? ನೀರಿಗೆ ಹಾಕೂದ ಛಲೋ!"

ಎಲ್ಲರೂ ನಕ್ಕರು. ಚಹಾ ಹಿಡಿದು ನಿಂತಿದ್ದ ಗಂಗತ್ತೆಯೂ ನಕ್ಕಳು.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದರೆ ಅವಳು ಅಂಚಿಗೆ ನಿರಿಗೆ ಹಿಡಿಯುತ್ತಿದ್ದಳು. ಅವಳ ಹೆಸರಿದ್ದ ಕಾಗದ ನೀರಿನಲ್ಲಿ ತೇಲುತ್ತಿತ್ತು.

"ಅತ್ಯಾ, ಅದು ನಿಂದಲ್ಲಾ?"

"ಹೌದವಾ. ನಿಮ್ಮ ಕಾಕಾ ಹೇಳಿದ್ದು ಖರೇ ಅದ. ಹೂ ಇಡಲಿಕ್ಕರ ಬರ್ತದ."

ಹಲ್ಲುಜ್ಜುತ್ತ ಬಂದ ಕಾಕಾ ಬಾಗಿಲಲ್ಲೇ ನಿಂತ. "ಅಕ್ಕಾ, ನಾ ನಗಸಲಿಕ್ಕೆ ಚ್ಯಾಷ್ಟಿ ಮಾಡಿದ್ನಲ್ಲ..."

"ಗೊತ್ತದ ಬಿಡೋ," ಅಂದಳು.

ಆಮೇಲೆ ನಮ್ಮ ಮನೆಯಲ್ಲಿ ಕೋರ್ಟು ಕೂಡಲಿಲ್ಲ. ಇಂದು ಕಾಕಾ ಇಲ್ಲ, ಗಂಗತ್ತೆಯೂ ಇಲ್ಲ.

ಈಗ ಹಳೆಯ ಪ್ಲೇಟುಗಳಿಗೆ ಎಲ್ಲಿಲ್ಲದ ಬೇಡಿಕೆ. ಮೊನ್ನೆ ನವನಗರದ ನನ್ನ ಮನೆಗೆ ಸಂಗ್ರಹದ ಹುಚ್ಚಿನವರೊಬ್ಬರು ಬಂದು, ಕಾಕಾ ಉಳಿಯುತ್ತವೆಂದು ಕಪಾಟಿಗೆ ಸೇರಿಸಿದ್ದನ್ನೆಲ್ಲ ನೋಡಿ ಬದಿಗಿಟ್ಟರು. "ಇವು ಎಲ್ಲಾ ಕಡೆ ಸಿಗತಾವ್ರಿ. ನಿಮ್ಮ ಅತ್ತಿಯವರದೊಂದು ಇತ್ತಂತಲ್ರಿ? ಎಲ್ಲೆ ಹುಡುಕಿದ್ರೂ ಸಿಗವಲ್ದು."

ಹೂ ತೆಗೆದು ಗಂಗತ್ತೆಯ ಆ ಬಟ್ಟಲು ತಂದುಕೊಟ್ಟೆ. ಬೆಳಕಿಗೆ ಹಿಡಿದರು. ನಿರಿಗೆಗಳ ಮೇಲೆ ಹಾಡಿನ ಸಣ್ಣ ಗೆರೆಗಳು ಇನ್ನೂ ಹಾಗೇ ಇವೆ. ಅವುಗಳ ಮೇಲೆ ಬೆರಳಾಡಿಸಿ, "ಹಾಡು ಹ್ಯಾಂಗಿತ್ರಿ?" ಎಂದರು.

ಬಾಯಿ ತೆರೆದೆ. ಕಾಕಾನ ಮಾತು ನೆನಪಿದೆ, ಎಲ್ಲರ ನಗು ನೆನಪಿದೆ. ಹಾಡಿನ ಒಂದು ಸಾಲೂ ಬರಲಿಲ್ಲ.