ಕಾಳ್ಯಾ ಒಳಗ ಬರವಲ್ಲ

ಬೆಟಗೇರಿಯ ಬಾಡಿಗೆ ಖೋಲಿಯಲ್ಲಿ ನಾನು ಮತ್ತು ನನ್ನ ನಾಯಿ ಕಾಳ್ಯಾ ಇಬ್ಬರೇ. ಹತ್ತಿ ಲಾರಿಯಲ್ಲಿ ಕ್ಲೀನರ್ ಕೆಲಸ ಸಿಕ್ಕಿತು; ಹೋದರೆ ತಿಂಗಳುಗಟ್ಟಲೆ ಊರು ಬಿಡಬೇಕು. ಏನೇ ಆಗಲಿ, ಹೋಗೇ ತೀರಬೇಕೆಂದು ಹಠ ಹಿಡಿದೆ. ನಾನು ಬರುವತನಕ ಕಾಳ್ಯಾನ ಜೋಡಿ ಇರಲು ಸೊರಟೂರಿನ ಸೋದರತ್ತೆ ನೀಲವ್ವ ಒಪ್ಪಿದಳು. ಹೊಲಸು ಕಂಡರೆ ಬಂದ ಬಸ್ಸಿಗೇ ತಿರುಗಿ ಹೋಗುವ ಹೆಂಗಸು. ಅದಕ್ಕೇ ಗೋಡೆಗೆ ಸುಣ್ಣ ಬಳಿದೆ, ನೆಲ ಸಾರಿಸಿದೆ, ಇದ್ದಬದ್ದ ಬಟ್ಟೆಯನ್ನೆಲ್ಲ ಒಗೆದೆ.

ಅತ್ತೆ ಬಂದಳು, ಮೆಚ್ಚಿದಳು. ಕಾಳ್ಯಾ ಮಾತ್ರ ಹೊಸ್ತಿಲು ಮೂಸಿ, ಓಣಿಗೆ ಹೋಗಿ ಕುಳಿತ. ಕರೆದರೂ ಬರಲಿಲ್ಲ. ಅತ್ತ ಲಾರಿ ಹಾರ್ನ್ ಹೊಡೆಯುತ್ತಿತ್ತು.

"ಅದು ಮಲಗೋ ಗೋಣಿಚೀಲ ಎಲ್ಲೈತಿ?" ಎಂದಳು ಅತ್ತೆ.

"ನಾರತಿತ್ತು ಅತ್ತಿ, ಸುಟ್ಟೆ."

"ಹುಚ್ಚಾ, ನನಗ ಮನಿ ಮಾಡಾಕ ಹೋಗಿ ನಾಯಿ ಮನಿ ಕೆಡಿಸಿಬಿಟ್ಟಿಯಲ್ಲೋ! ಬಿಚ್ಚು ಅಂಗಿ."

"ಬೆವರು ನಾರತೈತಿ ಅತ್ತಿ."

"ಅದಕ್ಕ ಬಿಚ್ಚು ಅನ್ನಾಕತ್ತೀನಿ!"

ಮೂಗು ಮುಚ್ಚಿಕೊಂಡು, ಎರಡೇ ಬೆರಳಲ್ಲಿ ಅಂಗಿ ಹಿಡಿದು ಮೂಲೆಗೆ ಹಾಸಿದಳು. ಕಾಳ್ಯಾ ಒಳಗೆ ಬಂದು ಅದರ ಮೇಲೆ ಸುತ್ತು ಹಾಕಿ ಮಲಗಿದ. ನಾನು ಬರೀ ಬನಿಯನ್ನಿನಲ್ಲೇ ಲಾರಿ ಹತ್ತಿದೆ.

ತಿಂಗಳಾದ ಮೇಲೆ ಹೊಸ ಅಂಗಿ ತೊಟ್ಟು ಮರಳಿದೆ. ಕಾಳ್ಯಾ ಹಳೆ ಅಂಗಿಯ ಮೇಲಿಂದಲೇ ಗುರ್ ಎಂದ. ಅವನ ಮಟ್ಟಿಗೆ ನಾನು ಊರು ಬಿಟ್ಟೇ ಇರಲಿಲ್ಲ. ಬಾಗಿಲಲ್ಲಿ ನಿಂತವನು ಯಾರೋ ಬೇರೆ.