ಹಿಂದೆ ಜಾಗವಿಲ್ಲದ ಗಾಡಿ

ನನ್ನ ನಾಲಿಗೆ ಉದ್ದ ಅಂತ ಅಮ್ಮ ಮೊದಲಿಂದಲೂ ಬೈಯುತ್ತಿದ್ದಳು. ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆಯಲ್ಲಿ ಹುಟ್ಟಿ, ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದವನು ನಾನು. ಯಾರಾದರೂ ಹರಕೆ, ಶಕುನ ಅಂದರೆ ಸಾಕು, ಎರಡು ಮಾತು ಆಡದೆ ಬಿಡುತ್ತಿರಲಿಲ್ಲ. ಆ ಎರಡು ಮಾತನ್ನು ನನ್ನ ಗೆಳೆಯನಿಗೂ ಆಡಿದ್ದೆ.

ಅವನು ನನ್ನ ಜೊತೆ ಓದಿದವನು. ಪಾಂಡವಪುರದಲ್ಲಿ ಟ್ರಾಕ್ಟರ್ ರಿಪೇರಿ ಗ್ಯಾರೇಜು ಇಟ್ಟಿದ್ದ. ಗ್ಯಾರೇಜಿನ ಹಿಂದೆ ಒಂದು ಬಂಡೆ, ಎರಡಾಳು ಮೂರಾಳು ಎತ್ತರ. ಅದರ ನೆತ್ತಿಯಲ್ಲಿ ಕಲ್ಲಿನಲ್ಲಿ ಕೆತ್ತಿದ ಪುಟ್ಟ ಆಂಜನೇಯ. ಪ್ರತಿ ಶನಿವಾರ ಬೆಳಿಗ್ಗೆ ಬಂಡೆ ಹತ್ತಿ ಹೂವಿಟ್ಟು ಬಂದ ಮೇಲೇ ಅವನು ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದ. ಹೀಗಿರುವಾಗ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಮೈಸೂರಿನ ಬಸ್ಸು ಹತ್ತುವ ಹಾಗಾಯಿತು. ಹತ್ತು ಹೆಜ್ಜೆ ನಡೆದರೆ ಏದುಸಿರು.

"ಆಂಜನೇಯಂಗೆ ಅರಕೆ ಒತ್ತಿವ್ನಿ ಕಣ್ಲಾ" ಅಂದ ಒಂದು ದಿನ.

"ನಿನ್ನ ಆಂಜನೇಯ ರಕ್ತ ಸೋಸ್ತಾನೇನೋ? ಹಂಗಿದ್ರೆ ಮೈಸೂರಿಗ್ಯಾಕೆ ಹೋಗ್ತೀಯ?" ಅಂದೆ.

ಅವನು ನಕ್ಕ. ಆಮೇಲೆ ನನ್ನೆದುರು ದೇವರ ಮಾತೇ ಎತ್ತಲಿಲ್ಲ. ವಾದದಲ್ಲಿ ಗೆದ್ದೆ ಅಂದುಕೊಂಡು ನಾನು ಬೈಕು ಹತ್ತಿ ಊರಿಗೆ ಹೋದೆ.

ನಮ್ಮಿಬ್ಬರಿಗೂ ರಿಮೋಟ್ ಗಾಡಿ ಓಡಿಸುವ ಹುಚ್ಚು ಹತ್ತಿದ್ದು ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ನಾನು ತಂದಿದ್ದ ಒಂದು ಆಟಿಕೆ ಗಾಡಿಯಿಂದ. ಗೇರು ಸವೆಯಿತೆಂದು ಅವನ ಹತ್ತಿರ ಒಯ್ದೆ. ರಿಪೇರಿ ಮಾಡಿದವನು ವಾಪಸ್ಸೇ ಕೊಡಲಿಲ್ಲ. ಟ್ರಾಕ್ಟರಿನ ಬೋಲ್ಟು ಬಿಚ್ಚಲೂ ಶಕ್ತಿ ಸಾಲದ ಕೈಗೆ ಅಷ್ಟು ಸಣ್ಣ ಗೇರು ಹಿತವಾಗಿತ್ತೇನೋ. ಬಂಡೆ ಹತ್ತುವುದಕ್ಕೆಂದೇ ಮಾಡಿದ ರಿಮೋಟ್ ಗಾಡಿಗಳಿವೆ, ಆಮೆ ಹಾಗೆ ನಿಧಾನ ಹೋಗುತ್ತವೆ, ಅವಕ್ಕೆ ಸ್ಪರ್ಧೆಯೂ ಉಂಟು ಅಂತ ಫೋನಿನಲ್ಲಿ ತೋರಿಸಿದೆ. ನಾಗಮಂಗಲದ ಕಡೆ ಒಂದು ಕಲ್ಲುಬಯಲಿನಲ್ಲಿ ಕೆಲವು ಹವ್ಯಾಸಿಗಳು ಸ್ಪರ್ಧೆ ಇಟ್ಟುಕೊಂಡಿದ್ದರು.

"ನಾವೂ ಒಂದ್ ಗಾಡಿ ಕಟ್ಟವ" ಅಂದ. ಕಾಯಿಲೆ ಬಿದ್ದ ಮೇಲೆ ಅವನು ಏನನ್ನಾದರೂ ಬೇಕು ಅಂದದ್ದು ಅದೇ ಮೊದಲು.

ಯಾವ ಚಾಸಿ, ಅಂದರೆ ಗಾಡಿಯ ಚೌಕಟ್ಟು, ತರಿಸುವುದು ಅನ್ನುವಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ನಾನು ಒಂದನ್ನು ಆರಿಸಿದ್ದೆ. ಬರೀ ಅಸ್ಥಿಪಂಜರ: ಎರಡು ತಗಡು, ನಾಲ್ಕು ಗಾಲಿ, ಮೋಟಾರು. ಹಗುರ, ತೂಕವೆಲ್ಲ ತಳದಲ್ಲಿ. ಅವನ ಕಣ್ಣು ಇನ್ನೊಂದರ ಮೇಲೆ. ಅದು ನಿಜವಾದ ಪಿಕಪ್ಪಿನಂತೆ ಬಾಡಿ ಇದ್ದ, ಉದ್ದನೆಯ, ಭಾರದ ಗಾಡಿ.

"ಇಂದ್ಗಡೆ ಏನಾರ ಮಡಗಕೆ ಜಾಗ ಇರ್ಬೇಕು ಕಣ್ಲಾ."

"ಏನು, ಕಬ್ಬು ಹೇರ್ಕೊಂಡು ಫ್ಯಾಕ್ಟರಿಗೆ ಹೋಗ್ತೀಯಾ?"

"ಇರ್ಲಿ ಅಂತ."

ಮುಂದಿನ ಶನಿವಾರ ಹಳೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಚಿತ್ರ ಬರೆದು, ಕೋನಮಾಪಕ ಇಟ್ಟು, ತೂಕ ಮೇಲೆ ಹೋದಷ್ಟೂ ಗಾಡಿ ಎಷ್ಟು ಬೇಗ ಮಗುಚುತ್ತದೆ ಅಂತ ಪಾಠ ಮಾಡಿದೆ. ಅವನು ಪೂರ್ತಿ ಕೇಳಿದ. "ನೀ ಏಳೋದು ಸರೀನೆಯಾ. ಆದ್ರೂ ಇಂದ್ಗಡೆ ಒಸಿ ಜಾಗ..." ಅಂದ. ಅದರ ಮುಂದಿನ ಶನಿವಾರವೂ ಅದೇ ರಾಗ. ಯಾಕೆ ಅಂತ ಒಂದು ಸಲವೂ ಕೇಳಲಿಲ್ಲ ನಾನು. ರೇಗಿ, ಅವನೆದುರಿಗೇ ಫೋನು ಒತ್ತಿ ನನ್ನದನ್ನೇ ತರಿಸಿಬಿಟ್ಟೆ.

ಗಾಡಿ ಬಂದ ಮೇಲೆ ಅವನು ಮುನಿಸು ತೋರಿಸಲಿಲ್ಲ. ಗ್ಯಾರೇಜಿನ ನೆಲದ ಮೇಲಿದ್ದ ಹಳೇ ಟ್ರಾಕ್ಟರ್ ಸೀಟಿನಲ್ಲಿ ಕೂತು ಒಂದೊಂದೇ ಸ್ಕ್ರೂ ಬಿಗಿದ. ಮುಂದಿನ ಗಾಲಿಗಳ ಒಳಗೆ ಟೈರಂಗಡಿಯಿಂದ ತಂದ ಸೀಸದ ತುಂಡು ಅಂಟಿಸಿ, "ಟ್ರಾಕ್ಟರ್‌ಗೆ ಮೂತಿ ಏಳ್ದಂಗೆ ಮುಂದ್ಕೆ ತೂಕ ಕಟ್ಟಕಿಲ್ವಾ, ಅಂಗೆಯಾ" ಅಂದ. ನನ್ನ ಕೋನಮಾಪಕ ಹೇಳದಿದ್ದುದನ್ನು ಅವನ ಕೈ ಹೇಳಿತ್ತು.

ಸ್ಪರ್ಧೆಯ ದಿನ ನಾನು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಅವನ ಹಿಂದೆ ಹಿಂದೆ ಹೋದೆ. ಬಂಡೆಗಳ ಮೇಲೆ ಜೋಡಿ ಜೋಡಿ ಕಡ್ಡಿ ನೆಟ್ಟಿರುತ್ತಾರೆ. ಗಾಡಿ ಆ ಕಡ್ಡಿಗಳ ನಡುವೆ ಹಾಯಬೇಕು. ಕಡ್ಡಿಗೆ ತಾಗಿದರೆ ಅಂಕ ಹೋಯಿತು, ಹಿಂದಕ್ಕೆ ಬಂದರೂ ಹೋಯಿತು. ಅವನು ಗಾಡಿ ನೋಡುವುದಕ್ಕಿಂತ ಹೆಚ್ಚಾಗಿ ಮೋಟಾರಿನ ಸದ್ದು ಕೇಳುತ್ತ ಓಡಿಸಿದ. ಎರಡನೇ ಬಹುಮಾನ ಬಂತು. ನಾನು ಹುಡುಗನ ಥರ ಕುಣಿದೆ. ಅವನು ರಿಮೋಟನ್ನು ನನ್ನ ಕೈಗಿಟ್ಟು, "ನಿನ್ ಗಾಡಿ ಚೆನ್ನಾಗದೆ ಕಣ್ಲಾ" ಅಂದ. ನಮ್ಮ ಗಾಡಿ ಅನ್ನಲಿಲ್ಲ. ಅದು ಆಗ ನನ್ನ ಕಿವಿಗೆ ಬೀಳಲೇ ಇಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ಅವನು ಹೋಗಿಬಿಟ್ಟ.

ತಿಥಿ ಕಳೆದ ಮೇಲಿನ ಶನಿವಾರ ಅವನ ಹೆಂಡತಿ ಗ್ಯಾರೇಜು ಖಾಲಿ ಮಾಡುತ್ತಿದ್ದರು. ನಮ್ಮ ಗಾಡಿಯ ಜೊತೆಗೆ ಒಂದು ತಗಡಿನ ತಟ್ಟೆಯನ್ನೂ ತಂದುಕೊಟ್ಟರು. ಅಂಗೈಯಷ್ಟಗಲ, ಅವನೇ ಅಂಚು ಮಡಿಸಿ ಉಜ್ಜಿ ನುಣುಪು ಮಾಡಿದ್ದ, ನಾಲ್ಕು ಮೂಲೆಗೂ ಸ್ಕ್ರೂ ತೂತು. ಒಳಗೆ ಇಟ್ಟದ್ದು ಜಾರದಿರಲೆಂದು ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದ್ದ. ನಾನು ಬೇಡವೆಂದ ಆ ಪಿಕಪ್ಪಿನ ಹಿಂಭಾಗದ ಅಳತೆ ಅದು.

"ಇದ್ಯಾಕಮ್ಮ?" ಅಂದೆ.

"ಊವಕ್ಕೆ ಮೇಷ್ಟ್ರೆ. ಶನಿವಾರ ಶನಿವಾರ ಆಂಜನೇಯಂಗೆ ಊವ ಮಡಗ್ತೀನಿ ಅಂತ ಅರಕೆ. ಬಂಡೆ ಅತ್ತಕ್ಕಾಯ್ತಿರ್ನಿಲ್ವಲ್ಲ. ನಾನೇ ಓಗಿ ಮಡಗ್ಬುಟ್ ಬತ್ತೀನಿ ಅಂದ್ರೆ, ಅರಕೆ ನಂದು, ನನ್ ಕೈಲೇ ಒಪ್ಪಿಸ್ಬೇಕು ಅಂತಿದ್ರು. ಕೆಳಗೆ ಕೂತ್ಕಂಡು ಗಾಡೀಲಿ ಕಳುಸ್ತೀನಿ ಅಂತಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

ಆಕೆ ನೆಲ ನೋಡಿದರು. "ಮೇಷ್ಟ್ರು ನಗ್ತಾರೆ, ಏಳ್ಬೇಡ ಅಂದಿದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾವಿರ ಸಲ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ನನಗೆ ಪಾಠವಾದದ್ದು ಅವತ್ತು.

ತಟ್ಟೆಯನ್ನು ನನ್ನ ಗಾಡಿಯ ಮೇಲೆ ತಂತಿಯಿಂದ ಬಿಗಿದೆ. ಬೇಲಿಯ ಕಣಗಲೆಯಿಂದ ನಾಲ್ಕು ಹೂವು ಕಿತ್ತು ಇಟ್ಟೆ. ಬಂಡೆಯ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕೂತು ಗಾಡಿಯನ್ನು ಬಂಡೆಗೆ ಹತ್ತಿಸಿದೆ. ಒಂದಾಳು ಎತ್ತರ ಹೋಗಿ ಗಾಡಿ ಹಿಂದಕ್ಕೆ ಮಗುಚಿತು. ಮತ್ತೆ ಇಟ್ಟೆ, ಮತ್ತೆ ಮಗುಚಿತು. ನಾನು ಉತ್ತರಪತ್ರಿಕೆಯ ಹಿಂದೆ ಬರೆದು ತೋರಿಸಿದ್ದ ಹಾಗೆಯೇ, ತೂಕ ಮೇಲೆ ಹೋದದ್ದಕ್ಕೆ. ನನ್ನ ಲೆಕ್ಕ ತಪ್ಪಿರಲಿಲ್ಲ.

ಕೊನೆಗೆ ಚಪ್ಪಲಿ ಕಳಚಿ, ಹೂವು ಹಿಡಿದು ನಾನೇ ಹತ್ತಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಆಂಜನೇಯನ ಪಾದದ ಹತ್ತಿರ ಹಳೆಯ ತೊಟ್ಟುಗಳು ಒಣಗಿ ಕಲ್ಲಿಗೆ ಅಂಟಿಕೊಂಡಿದ್ದವು. ಅವು ಯಾವ ಶನಿವಾರದವೋ. ಅವುಗಳ ಪಕ್ಕದಲ್ಲಿ ನನ್ನವನ್ನು ಇಟ್ಟೆ.

"ಒಪ್ಪಿಸಿದ್ರಾ ಮೇಷ್ಟ್ರೆ?" ಅಂತ ಆಕೆ ಕೆಳಗಿಂದ ಕೂಗಿದರು.

ಯಾವ ಪ್ರಶ್ನೆಗೂ ನನ್ನ ನಾಲಿಗೆ ತಡವರಿಸಿದ್ದಿಲ್ಲ. ಹೂವನ್ನು ಇಟ್ಟೆ ಅನ್ನಬಹುದಿತ್ತು. ಒಪ್ಪಿಸಿದೆ ಅನ್ನಲು ಹರಕೆ ನನ್ನದಲ್ಲ. ಆಕೆ ಕೆಳಗೆ ಹಣೆಗೆ ಕೈ ಅಡ್ಡ ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಲೇ ಇದ್ದರು.