ಒಂದು ದಿನ ಮುಂಚೆ

ಸಾಯುವುದಕ್ಕೆ ಚಿಕ್ಕಬೋರಮ್ಮ ಹೆದರಿದವಳಲ್ಲ. ಅವಳಿಗೆ ಹೆದರಿಕೆಯಿದ್ದದ್ದು ತಾನು ಸತ್ತ ಮರುದಿನದ ಬೆಳಗಿನದು. ಆ ಬೆಳಗ್ಗೆ ಚಂದನಳ ತಲೆ ಯಾರು ಬಾಚುತ್ತಾರೆ?

ಚಂದನ ಅವಳ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತಾರು, ಬುದ್ಧಿ ಐದು ವರ್ಷದ ಮಗುವಿನದು. ಲಂಗದ ಲಾಡಿ ಕಟ್ಟಿಕೊಳ್ಳಲು ಬಾರದು, ಆದರೆ ಕಿವಿಗೆ ಬಿದ್ದ ಮಾತನ್ನು ಚಾಚೂ ತಪ್ಪದೆ ಒಪ್ಪಿಸುತ್ತಾಳೆ. ಕೈಗೊಂದು ಬಿಸ್ಕತ್ತು ಕೊಟ್ಟರೆ ಬಾಯಿಗಿಡುವ ಮೊದಲು "ನಾಳೀಕೆ?" ಎಂದು ಕೇಳುತ್ತಾಳೆ. "ನಾಳೀಕೂ ಅದೆ, ತಿನ್ನು" ಎಂದು ಅವ್ವ ಹೇಳಿದರೇ ತಿನ್ನುವುದು. ಚಂದನಳ ಅಪ್ಪ ಪುಟ್ಟರಾಜು ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂದಿನಿಂದ ಚಿಕ್ಕಬೋರಮ್ಮ ಮಗಳನ್ನು ಎದುರುಮನೆಯ ಅಂಕಮ್ಮಜ್ಜಿಯ ಜಗುಲಿಯಲ್ಲಿ ಕೂರಿಸಿ, ಏಳು ಗಂಟೆಯ ಬಸ್ಸಿಗೆ ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಹೊಲಿದ ಅಂಗಿಗಳಲ್ಲಿ ಉಳಿದ ದಾರ ಕತ್ತರಿಸುವುದು ಅವಳ ಕೆಲಸ.

ಹೋದ ವರ್ಷ ಅಲ್ಲಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಿತು. ಮಂಡ್ಯದ ಡಾಕ್ಟರು ಹೃದಯ ಸೋತಿದೆ ಎಂದರು. ಇನ್ನೆಷ್ಟು ದಿನ ಎಂದು ಕೇಳಿದ್ದಕ್ಕೆ ಮಾತ್ರೆ ಬರೆದುಕೊಟ್ಟರು. ಅವಳು ಮಗಳನ್ನು ಕರೆದುಕೊಂಡು ಬೆಳಕವಾಡಿಯಲ್ಲಿದ್ದ ಅಣ್ಣ ಶಿವಯ್ಯನ ಮನೆಗೆ ಆಸರೆ ಕೇಳಲು ಹೋದಳು. ಶಿವಯ್ಯ ಕೆಟ್ಟವನಲ್ಲ. ಊಟ ಹಾಕಿಸಿದ, ಚಂದನಳ ಕೈ ತಾನೇ ತೊಳೆಸಿದ, ಆಮೇಲೆ ನೆಲ ನೋಡುತ್ತಾ ಹೇಳಿದ: "ನೀನೊಬ್ಳೇ ಆದ್ರೆ ಬಂದಿರು ಕಣವ್ವ. ಇವಳ್ನ ಯಾರು ನೋಡ್ಕಂಡಾರು?" ಜಗಳವಾಡೋಣವೆಂದರೆ ಅವನ ಮಾತಿನಲ್ಲಿ ತಪ್ಪೇ ಇರಲಿಲ್ಲ.

ಇನ್ನುಳಿದದ್ದು ಯೇಸುಸ್ವಾಮಿ. ಗಂಡ ಸತ್ತ ವರ್ಷ ಜೊತೆಯ ಕೆಲಸದವಳೊಬ್ಬಳು ಕರೆದುಕೊಂಡು ಹೋದಂದಿನಿಂದ, ಮದ್ದೂರಿನ ಶೀಟು ಹೊದಿಸಿದ ಪ್ರಾರ್ಥನಾ ಮಂದಿರಕ್ಕೆ ತಾಯಿ ಮಗಳು ಒಂದು ಭಾನುವಾರವೂ ತಪ್ಪಿಸಿದವರಲ್ಲ. ನಾಳೆಯ ಚಿಂತೆ ಬಿಡಿ, ಹಕ್ಕಿಗಳನ್ನು ಸಾಕುವವನು ನಿಮ್ಮನ್ನು ಕೈಬಿಟ್ಟಾನೇ ಎಂದು ಪಾಸ್ಟರ್ ಜಯಪ್ರಕಾಶ್ ಸಾರುತ್ತಿದ್ದರು. ತಮ್ಮ ಜಡೆ ತಾವೇ ಹಾಕಿಕೊಳ್ಳುವ ಮಕ್ಕಳನ್ನು ಹೆತ್ತವರಿಗೆ ಇದು ಬಲು ಹಿತವಾದ ಮಾತು. ಹಕ್ಕಿಯ ಮರಿ ರೆಕ್ಕೆ ಬಲಿತರೆ ಹಾರುತ್ತದೆ, ನನ್ನದು ಹಾರುವುದಿಲ್ಲವಲ್ಲ ಎಂದು ಚಿಕ್ಕಬೋರಮ್ಮ ಒಳಗೇ ಕುದಿಯುತ್ತಿದ್ದಳು. ಅವಳದೇ ಒಂದು ಪ್ರಾರ್ಥನೆಯಿತ್ತು. ದಿನಾ ಬೆಳಗ್ಗೆ, ಮಗಳು ನಿದ್ದೆಯಲ್ಲಿದ್ದಾಳೆ ಎಂದುಕೊಂಡು, ಪಕ್ಕದಲ್ಲಿ ಮೊಣಕಾಲೂರಿ ಪಿಸುಗುಡುತ್ತಿದ್ದಳು: "ಸ್ವಾಮಿ, ನನಗಿಂತ ಒಂದಿನ ಮುಂಚೆ ಇವಳ್ನ ಕರ್ಕಬುಡು." ಹೆತ್ತವಳು ಬೇಡುವ ಮಾತಲ್ಲವೆಂದು ಗೊತ್ತಿತ್ತು. ಬೇರೆ ದಾರಿ ಕಾಣದೆ ಬೇಡುತ್ತಿದ್ದಳು.

ಒಂದು ಭಾನುವಾರ ಮಂದಿರದಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಕೋರಿಕೆ ಹೇಳುತ್ತಿದ್ದರು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರ ಮಗಳಿಗೆ ಗಂಡು ಗೊತ್ತಾಗಬೇಕು. ಯಾವಾಗಲೂ ದೇವರಿಗೆ ಸ್ತೋತ್ರ ಎಂದಷ್ಟೇ ಹೇಳಿ ಸುಮ್ಮನಾಗುವ ಚಂದನ ಅಂದು ಎದ್ದು ನಿಂತಳು. ಅವ್ವನಂತೆಯೇ ಕಣ್ಣು ಮುಚ್ಚಿ, ಕೈ ಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಸ್ವಾಮಿ, ಅವ್ವನ್ಗಿಂತ ಒಂದಿನ ಮುಂಚೆ ನನ್ನ ಕರ್ಕಬುಡು."

ಅಭ್ಯಾಸಬಲದಿಂದ ಅರ್ಧ ಸಭೆ ಆಮೆನ್ ಎಂದಿತು. ಚಂದನ ಸರಿಯಾಗಿ ಹೇಳಿದೆನಾ ಎನ್ನುವಂತೆ ಅವ್ವನತ್ತ ತಿರುಗಿ ನಕ್ಕಳು. ದಿನಾ ಬೆಳಗ್ಗೆ ಕೇಳಿಸಿಕೊಂಡಿದ್ದಳು. ಆ ಮಾತು ತನ್ನ ಬಗ್ಗೆಯೇ ಎಂಬುದೂ ಅವಳಿಗೆ ತಿಳಿದಿತ್ತು.

ಚಿಕ್ಕಬೋರಮ್ಮ ಮಗಳ ಕೈ ಹಿಡಿದು ಎದ್ದು ಬಂದಳು. ಆಮೇಲೆ ಮೂರು ವಾರ ಮಂದಿರದ ಕಡೆ ತಲೆ ಹಾಕಲಿಲ್ಲ, ಮನೆಯಲ್ಲೂ ಪ್ರಾರ್ಥನೆಗೆ ಕೂರಲಿಲ್ಲ. ಪಾಸ್ಟರು ತಾವೇ ಹುಡುಕಿಕೊಂಡು ಬಂದರು. ತಾನು ಬೇಡಿದ್ದು ಪಾಪವೇ ಎಂದು ಕೇಳಿದಳು. ಅವರು ಹಕ್ಕಿಗಳ ಮಾತೆತ್ತಲಿಲ್ಲ. "ನಂಗೂ ಗೊತ್ತಿಲ್ಲ ಕಣಮ್ಮ. ದೇವ್ರತ್ರ ಮಾತಾಡದು ಮಾತ್ರ ಬುಡ್ಬೇಡಿ" ಎಂದು ಎದ್ದುಹೋದರು.

ಮರುದಿನ ಬೆಳಗ್ಗೆ ಅವಳು ಕಣ್ಣು ಬಿಟ್ಟಾಗ ಚಂದನ ಆಗಲೇ ಎದ್ದು ಕೈ ಮುಗಿದು ಕೂತಿದ್ದಳು. ಮೂರು ವಾರದಿಂದ ದಿನಾ ಹೀಗೆ ಕಾದಿದ್ದಳೋ ಏನೋ. ಅವ್ವ ಏನು ಹೇಳಿದರೂ ತಾನೂ ಅದನ್ನೇ ಹೇಳಲು ತಯಾರಾಗಿದ್ದಳು. ಚಿಕ್ಕಬೋರಮ್ಮನಿಗೆ ಆ ಹಳೆಯ ಪ್ರಾರ್ಥನೆಯನ್ನು ಮತ್ತೆ ಹೇಳಲಾಗಲಿಲ್ಲ. ಅಣ್ಣನ ಮನಸ್ಸು ಬದಲಾಗಿರಲಿಲ್ಲ, ಹೃದಯ ಗಟ್ಟಿಯಾಗಿರಲಿಲ್ಲ, ಹೆದರಿಕೆ ಇದ್ದಲ್ಲೇ ಇತ್ತು. ಆದರೂ ಮಗಳ ಪಕ್ಕ ಮೊಣಕಾಲೂರಿ, "ಸ್ವಾಮಿ, ಇವತ್ತು ನಮ್ಮಿಬ್ರನ್ನೂ ಇಟ್ಟಿರಪ್ಪ" ಎಂದಳು.

ಚಂದನ ಅದನ್ನೇ ಒಪ್ಪಿಸಿದಳು. ಆಮೆನ್ ಎನ್ನುವ ಮೊದಲು ಒಂದು ಕಣ್ಣು ತೆರೆದು ಕೇಳಿದಳು: "ನಾಳೀಕೆ?"

ನಾಳೀಕೂ ಅದೆ ಎನ್ನಲು ಅವ್ವನಿಗೆ ಬಾಯಿ ಬರಲಿಲ್ಲ. ಬಾಚಣಿಗೆ ತೆಗೆದುಕೊಂಡು ಮಗಳ ಹಿಂದೆ ಕೂತಳು.

"ನಾಳೀದ ನಾಳೆ ಕೇಳ್ಕಳವ ಕಣವ್ವ. ಬಾ, ತಲೆ ಬಾಚ್ತೀನಿ."